ವಿಶ್ವವಿದ್ಯಾಲಯ ಸಿಬ್ಬಂದಿಗೆ ಒಂದು ವರ್ಷದ ನಾಯಕತ್ವ ತರಬೇತಿ: ಹಲವು ಬ್ಯಾಚ್‌ಗಳ ನಂತರದ ವಿಮರ್ಶೆ

ಹೊರಗಿನ ಸಂಸ್ಥೆಯೊಂದು ವಿಶ್ವವಿದ್ಯಾಲಯಗಳಿಗೆಂದೇ ರೂಪಿಸಿ ಕೊಡುವ ವರ್ಷಾವಧಿ ತರಬೇತಿ ಇದು. ಬ್ಯಾಚ್‌ಗೆ 24 ಜನ. ಅರ್ಧ ಬೋಧಕರು, ಅರ್ಧ ಬೋಧಕೇತರರು. ಶುರುವಿಗೆ ಸುತ್ತಲಿನ ಸಹೋದ್ಯೋಗಿಗಳಿಂದ ಪಡೆದ 360 ಡಿಗ್ರಿ ಅಭಿಪ್ರಾಯ ವರದಿ, ಆರು ದಿನದ ಕಾರ್ಯಾಗಾರ, ಕೋಚ್ ಎಂಬ ಮಾರ್ಗದರ್ಶಕರ ಜೊತೆ ತಲಾ ನಾಲ್ಕು ಭೇಟಿ, ಆರಾರು ಜನರ ಕಲಿಕಾ ಗುಂಪು, ಆನ್‌ಲೈನ್ ಪಾಠಗಳು, ಕೊನೆಗೆ ಕೆಲಸದ ಜಾಗದಲ್ಲೇ ಮಾಡಿ ಮುಗಿಸಬೇಕಾದ ಒಂದು ಪ್ರಾಜೆಕ್ಟ್. ಒಟ್ಟಾರೆ 5ಕ್ಕೆ 3.5 ಕೊಡುತ್ತೇವೆ. ಆದರೆ ಕಾರ್ಯಾಗಾರಕ್ಕೆ 2.5, ಕಲಿಕಾ ಗುಂಪಿಗೆ 4.5. ಈ ಅಂತರವೇ ಮುಖ್ಯ. ಕರಪತ್ರದಲ್ಲಿ ದೊಡ್ಡ ಅಕ್ಷರದಲ್ಲಿರುವುದು ಕಾರ್ಯಾಗಾರ, ಜನ ಬದಲಾಗುವುದು ಮಾತ್ರ ಎರಡು ಕಾರ್ಯಾಗಾರಗಳ ನಡುವಿನ ವಾರಗಳಲ್ಲಿ.

ಮೊದಲು ಕಲಿಕಾ ಗುಂಪಿನ ವಿಷಯ. ಈ ವಿಧಾನ ಬ್ರಿಟನ್ನಿನ ನಿರ್ವಹಣಾ ಚಿಂತಕ ರೆಗ್ ರೆವನ್ಸ್ ಅವರದ್ದು. ಎರಡನೇ ಮಹಾಯುದ್ಧದ ನಂತರ ಅಲ್ಲಿನ ಕಲ್ಲಿದ್ದಲು ಗಣಿಗಳ ಮ್ಯಾನೇಜರುಗಳು ತಜ್ಞರ ಉಪನ್ಯಾಸ ಕೇಳುವುದಕ್ಕಿಂತ ಪರಸ್ಪರರ ಸಮಸ್ಯೆಯನ್ನು ಪ್ರಶ್ನಿಸುತ್ತಾ ಕಲಿಯಲಿ ಎಂದು ಅವರು ಹಟ ಹಿಡಿದರು. ಈ ತರಬೇತಿಯಲ್ಲಿ ಗುಂಪು ಆರು ವಾರಕ್ಕೊಮ್ಮೆ ಮೂರು ಗಂಟೆ ಸೇರುತ್ತದೆ. ಒಂದು ಸಭೆಯಲ್ಲಿ ನಾಲ್ವರಿಗೆ ಸರದಿ, ತಲಾ 40 ನಿಮಿಷ. ಮೊದಲ 5 ನಿಮಿಷ ಸಮಸ್ಯೆ ಹೇಳುವುದು. ಮುಂದಿನ 5 ನಿಮಿಷ ವಿಷಯ ಸ್ಪಷ್ಟ ಮಾಡಿಕೊಳ್ಳುವ ಪ್ರಶ್ನೆಗಳು. ಆಮೇಲೆ 20 ನಿಮಿಷ ಮುಕ್ತ ಪ್ರಶ್ನೆಗಳು. 5 ನಿಮಿಷ ‘ಮುಂದಿನ ಸಭೆಯೊಳಗೆ ಏನು ಮಾಡುತ್ತೇನೆ’ ಎಂದು ಬರೆದುಕೊಳ್ಳುವುದು. ಉಳಿದ 5 ನಿಮಿಷ ಪ್ರಶ್ನೆಗಳು ಹೇಗಿದ್ದವು ಎಂಬ ಅವಲೋಕನ. ಸಲಹೆ ಕೊಡುವಂತಿಲ್ಲ. ವಿಶ್ವವಿದ್ಯಾಲಯದವರಿಗೆ ಇದೇ ಕಷ್ಟ. ಉತ್ತರ ಹೇಳುವುದೇ ವೃತ್ತಿಯಾದವರು 20 ನಿಮಿಷ ಉತ್ತರ ಹೇಳದೆ ಕೂರಬೇಕು.

ಸಲಹೆ ಪ್ರಶ್ನೆಯ ವೇಷದಲ್ಲಿ ನುಸುಳಿಬಿಡುತ್ತದೆ. ಹಿರಿಯ ಪ್ರಾಧ್ಯಾಪಕರೊಬ್ಬರು ಮೊದಲ ವರ್ಷದ ತರಗತಿ ಬೇಡ ಎನ್ನುತ್ತಾರೆ ಎಂದು ವಿಭಾಗದ ಮುಖ್ಯಸ್ಥರು ಹೇಳಿದರೆ, ‘ಡೀನ್ ಹತ್ತಿರ ಯಾಕೆ ಹೋಗಬಾರದು?’ ಎಂಬುದು ಪ್ರಶ್ನೆಯಲ್ಲ, ಸಲಹೆ. ‘ಅವರು ಬೇಡ ಅಂದಾಗ ಆ ತರಗತಿ ಯಾರ ಪಾಲಿಗೆ ಬೀಳುತ್ತೆ?’ ಎಂಬುದು ಪ್ರಶ್ನೆ. ‘ಯಾರ ಕಾರ್ಯಭಾರ ಎಷ್ಟು ಅನ್ನೋದು ವಿಭಾಗದಲ್ಲಿ ಎಲ್ಲರಿಗೂ ಕಾಣುತ್ತಾ?’ ಎಂಬುದು ಇನ್ನೂ ಒಳ್ಳೆಯ ಪ್ರಶ್ನೆ, ಯಾಕೆಂದರೆ ಬಹಳ ಕಡೆ ಕಾಣುವುದಿಲ್ಲ. ಪಾಠದ ಗಂಟೆ, ಪ್ರಾಯೋಗಿಕ ತರಗತಿ, ಸಂಶೋಧನಾ ಮಾರ್ಗದರ್ಶನ, ಪರೀಕ್ಷಾ ಕೆಲಸ, ಸಮಿತಿಗಳು ಎಲ್ಲವನ್ನೂ ಒಂದೇ ಹಾಳೆಯಲ್ಲಿ ಹೆಸರಿನ ಮುಂದೆ ಬರೆದು ವಿಭಾಗದ ಸಭೆಯಲ್ಲಿಟ್ಟರೆ, ಒಬ್ಬರ ಮೊಂಡುತನದಂತೆ ಕಂಡದ್ದು ಹಂಚಿಕೆಯ ಪ್ರಶ್ನೆಯಾಗುತ್ತದೆ. ಹಂಚಿಕೆಯ ಬಗ್ಗೆ ಎಲ್ಲರೂ ಕೂತು ಮಾತಾಡಬಹುದು, ಮೊಂಡುತನದ ಬಗ್ಗೆ ಮಾತಾಡಲಾಗದು.

ಗುಂಪು ಕೆಡುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಮೊದಲನೆಯದು, ಮೇಲಧಿಕಾರಿ ಮತ್ತು ಅವರ ಕೈಕೆಳಗಿನವರು ಒಂದೇ ಗುಂಪಿಗೆ ಬೀಳುವುದು. ನೇರ ಸಂಬಂಧ ಇಲ್ಲದಿದ್ದರೂ ಒಬ್ಬರ ಬಡ್ತಿ ಕಡತ ಇನ್ನೊಬ್ಬರ ಮೇಜಿನ ಮೇಲೆ ಹಾದುಹೋಗುವಂತಿದ್ದರೆ ಅದೂ ಸಾಕು, ಬಾಯಿ ಕಟ್ಟಿಹೋಗುತ್ತದೆ. ಗುಂಪಿನ ಪಟ್ಟಿಯನ್ನು ಸಂಸ್ಥೆಯವರ ಸಾಫ್ಟ್‌ವೇರ್‌ಗೆ ಬಿಡದೆ, ಒಳಗಿನ ಸಂಬಂಧ ಗೊತ್ತಿರುವವರೇ ಕೂತು ನೋಡಬೇಕು. ಎರಡನೆಯದು, ಸಭೆ ನಡೆಸಿಕೊಡಲು ಸಂಸ್ಥೆ ಕಳಿಸುವವರು ಬೇಗ ಬಿಟ್ಟುಹೋಗುವುದು. ಮೂಲ ಪ್ಯಾಕೇಜ್‌ನಲ್ಲಿ ಮೊದಲ ಎರಡು ಸಭೆಗೆ ಮಾತ್ರ ಅವರು ಇರುತ್ತಾರೆ. ಮೂರನೆಯದಕ್ಕೇ ಸಭೆ ಹರಟೆಯಾಗಿಬಿಡುತ್ತದೆ, ಇಲ್ಲವೇ ದೂರುಗಳ ಪಟ್ಟಿಯಾಗುತ್ತದೆ. ನಾಲ್ಕು ಸಭೆಯವರೆಗೆ ಇರಲಿ ಎಂದು ಒಪ್ಪಂದದಲ್ಲೇ ಬರೆಸಿಕೊಳ್ಳಿ. ಅದಕ್ಕಾಗಿ ಒಂದು ದಿನದ ಕಾರ್ಯಾಗಾರ ಬಿಟ್ಟುಕೊಟ್ಟರೂ ನಷ್ಟವಿಲ್ಲ.

360 ಡಿಗ್ರಿ ವರದಿ ಒಳ್ಳೆಯದೇ, ಆದರೆ ಕೈ ತಪ್ಪಿದರೆ ಗಾಯ ಮಾಡುತ್ತದೆ. ಸ್ವತಃ ಅಭ್ಯರ್ಥಿ (ತರಬೇತಿಗೆ ಬಂದವರು), ಮೇಲಧಿಕಾರಿ, ಸಮಾನ ಹುದ್ದೆಯವರು, ಕೈಕೆಳಗಿನವರು, ಹೀಗೆ ನಾಲ್ಕು ಕಡೆಯಿಂದ ಉತ್ತರ ಬರುತ್ತದೆ. ಮೇಲಧಿಕಾರಿಯ ಉತ್ತರ ಯಾರದ್ದೆಂದು ಗೊತ್ತಾಗುತ್ತದೆ. ಸಮಾನರು, ಕೈಕೆಳಗಿನವರು ಎಂಬ ವರ್ಗಗಳಲ್ಲಿ ಕನಿಷ್ಠ ಮೂವರಾದರೂ ಉತ್ತರಿಸದಿದ್ದರೆ ಅಂಕ ತೋರಿಸಬಾರದು. ಸಣ್ಣ ಕಚೇರಿಯಲ್ಲಿ ಕೈಕೆಳಗೆ ಇಬ್ಬರೇ ಇದ್ದರೆ ಅವರನ್ನು ಸಮಾನ ಹುದ್ದೆಯವರ ಜೊತೆ ಸೇರಿಸಿ ಒಂದೇ ವರ್ಗ ಮಾಡಬೇಕು. ಅಂಕ ಮುಚ್ಚಿಟ್ಟರೂ ಬರಹದ ಟಿಪ್ಪಣಿಗಳಲ್ಲಿ ಗುರುತು ಸಿಕ್ಕಿಬಿಡುತ್ತದೆ: ‘ಕಳೆದ ಮೌಲ್ಯಮಾಪನದ ಸಮಯದಲ್ಲಿ ನನ್ನ ರಜೆ ತಿರಸ್ಕರಿಸಿದರು’ ಎಂದು ಬರೆದವರು ಯಾರೆಂದು ಓದಿದ ಕೂಡಲೇ ತಿಳಿಯುತ್ತದೆ. ಉತ್ತರಿಸುವವರಿಗೆ ಇದನ್ನು ಮೊದಲೇ ಹೇಳುವ ಒಂದು ಸಾಲು ಪ್ರಶ್ನಾವಳಿಯಲ್ಲಿ ಇರಲಿಲ್ಲ, ಕೇಳಿ ಸೇರಿಸಿಕೊಳ್ಳಬೇಕಾಯಿತು.

ವರದಿಯನ್ನು ಇಮೇಲ್‌ನಲ್ಲಿ ಕಳಿಸಿ ಸುಮ್ಮನಾಗುವುದಂತೂ ಕೂಡದು. ಕೋಚ್ ಜೊತೆ ಒಂದೂವರೆ ಗಂಟೆ ಕೂತು ಓದುವಾಗಲೇ ಅದು ಮೊದಲ ಬಾರಿ ತೆರೆಯಬೇಕು. ಒಬ್ಬರೇ ಓದಿದವರು ಸಿಟ್ಟಿನ ಒಂದು ಟಿಪ್ಪಣಿಗೆ ಅಂಟಿಕೊಂಡು ಉಳಿದ ಹನ್ನೆರಡು ಪುಟ ಮರೆಯುತ್ತಾರೆ. ಸರಾಸರಿ ಅಂಕದಲ್ಲಿ ಹೇಳಿಕೊಳ್ಳುವಂಥದ್ದು ಇರುವುದಿಲ್ಲ. ತಾನು ಕೊಟ್ಟುಕೊಂಡ ಅಂಕಕ್ಕೂ ಇತರರು ಕೊಟ್ಟದ್ದಕ್ಕೂ ಎಲ್ಲಿ ದೊಡ್ಡ ಅಂತರವಿದೆ ಎಂಬುದನ್ನು ನೋಡಬೇಕು. ಮತ್ತೆ, ಈ ವರದಿ ಬಡ್ತಿ ಸಮಿತಿಯ ಹತ್ತಿರವೂ ಸುಳಿಯಬಾರದು. ಒಮ್ಮೆ ಹಾಗಾಯಿತೆಂದು ಸುದ್ದಿ ಹಬ್ಬಿದರೆ ಮುಂದಿನ ಬ್ಯಾಚ್‌ಗೆ ಎಲ್ಲರೂ ಎಲ್ಲರಿಗೂ ಐದಕ್ಕೆ ಐದು ಕೊಟ್ಟು ಕೂರುತ್ತಾರೆ.

ಕಾರ್ಯಾಗಾರಕ್ಕೆ ಕಡಿಮೆ ಅಂಕ ಏಕೆಂದರೆ ಅರ್ಧದಷ್ಟು ಸಾಮಗ್ರಿ ಕಂಪನಿಗಳಿಗೆ ಮಾಡಿದ್ದು, ಸ್ಲೈಡ್‌ನಲ್ಲಿ ‘ಉದ್ಯೋಗಿ’ ಅಳಿಸಿ ‘ಅಧ್ಯಾಪಕ’ ಎಂದು ಹಾಕಿದ್ದಾರೆ. ವಿಭಾಗದ ಮುಖ್ಯಸ್ಥರ ಕೈಯಲ್ಲಿ ಬೋನಸ್ ಇಲ್ಲ, ಕೆಲಸದಿಂದ ತೆಗೆಯುವ ಅಧಿಕಾರವಿಲ್ಲ. ಬಹಳ ಕಡೆ ಎರಡು ಮೂರು ವರ್ಷಕ್ಕೆ ಸರದಿ ಮುಗಿದು, ಇಂದು ಯಾರಿಗೆ ಇಲ್ಲ ಎಂದರೋ ನಾಳೆ ಅವರ ಕೆಳಗೇ ಕೆಲಸ ಮಾಡಬೇಕು. ಅಲ್ಲಿ ನಾಯಕತ್ವ ಎಂದರೆ ಒಪ್ಪಿಸುವುದು, ನಡಾವಳಿ ಸರಿಯಾಗಿ ಬರೆಸುವುದು, ಸಮಿತಿಯ ಸಭೆಯನ್ನು ನಿಗದಿತ ಹೊತ್ತಿಗೆ ಒಂದು ತೀರ್ಮಾನಕ್ಕೆ ತರುವುದು. ಬೋಧಕೇತರ ಸಿಬ್ಬಂದಿಯ ಕಷ್ಟ ಬೇರೆ: ಹೊಣೆ ಅವರದ್ದು, ಸಹಿ ಇನ್ನೊಬ್ಬರದ್ದು. ಸಭೆ ನಡೆಸುವುದನ್ನು ನಿಜವಾದ ಕಾರ್ಯಸೂಚಿ ಇಟ್ಟುಕೊಂಡು ಅಭ್ಯಾಸ ಮಾಡಿಸಿದ ಒಂದು ದಿನ ಮಾತ್ರ ಇಡೀ ಆರರಲ್ಲಿ ಎದ್ದು ಕಾಣುತ್ತದೆ.

ಕಷ್ಟದ ಮಾತು ಆಡುವ ಅಭ್ಯಾಸವೂ ಚೆನ್ನಾಗಿದೆ. ಸಂದರ್ಭ, ನಡವಳಿಕೆ, ಪರಿಣಾಮ ಎಂಬ ಮೂರು ಹೆಜ್ಜೆ. ‘ನೀವು ಯಾವಾಗಲೂ ತಡ’ ಎನ್ನುವ ಬದಲು ‘ಆಂತರಿಕ ಅಂಕಪಟ್ಟಿ ಸೋಮವಾರ ಬರಬೇಕಿತ್ತು, ಗುರುವಾರ ಬಂತು, ಪರೀಕ್ಷಾ ವಿಭಾಗದವರು ಎರಡು ಸಂಜೆ ಕೂತು ನಮೂದಿಸಬೇಕಾಯಿತು’ ಎಂದು ಹೇಳಿ, ಅಲ್ಲಿಗೆ ನಿಲ್ಲಿಸಿ ಎದುರಿನವರ ಮಾತು ಕೇಳುವುದು. ನಿಲ್ಲಿಸುವುದೇ ಜನರಿಗೆ ಬರುವುದಿಲ್ಲ. ಮೌನ ತುಂಬಲು ಸಮಾಧಾನದ ಮಾತು ಸೇರಿಸಿ, ಹೇಳಿದ್ದನ್ನು ತಾವೇ ಅಳಿಸಿಹಾಕುತ್ತಾರೆ. ಮೂವರ ಗುಂಪಿನಲ್ಲಿ, ಒಬ್ಬರು ನೋಡುಗರಾಗಿ, ಒಂದೇ ಮಾತನ್ನು ಮೂರು ಸಲ ಆಡಿಸಿದಾಗ ಇದು ಸುಧಾರಿಸುತ್ತದೆ.

ಜನರನ್ನು INFP ಥರದ ನಾಲ್ಕು ಅಕ್ಷರದ ಬಗೆಗಳಾಗಿ ವಿಂಗಡಿಸುವ ವ್ಯಕ್ತಿತ್ವ ಪರೀಕ್ಷೆಗೆ ಅರ್ಧ ದಿನ ಕೊಟ್ಟಿದ್ದಾರೆ, ಅದನ್ನು ತೆಗೆಸಿಹಾಕಿ. ಕೆಲವೇ ವಾರಗಳ ಅಂತರದಲ್ಲಿ ಮತ್ತೆ ಬರೆದರೆ ಹಲವರಿಗೆ ಬೇರೆ ಅಕ್ಷರ ಬರುತ್ತದೆ, ಆದರೆ ‘ನಾನು ಆ ಬಗೆಯವನು’ ಎಂಬ ಹಣೆಪಟ್ಟಿ ವರ್ಷಗಟ್ಟಲೆ ಉಳಿಯುತ್ತದೆ.

ಆನ್‌ಲೈನ್ ಪಾಠಗಳು ಮೂಡಲ್ (Moodle) ಎಂಬ ಕಲಿಕಾ ತಂತ್ರಾಂಶದಲ್ಲಿವೆ. ವಿಡಿಯೊಗಳು ಸಾಧಾರಣ. ಪಾಠದ ಒಳಗಿನ ‘ನಿರ್ಗಮಿಸಿ’ ಗುಂಡಿ ಒತ್ತದೆ ಬ್ರೌಸರ್ ಟ್ಯಾಬ್ ಮುಚ್ಚಿದರೆ ಪೂರ್ಣಗೊಂಡದ್ದು ದಾಖಲಾಗದೆ ಹೋಗುವುದುಂಟು. ಸ್ಕಾರ್ಮ್ (SCORM) ಎಂಬ ಮಾದರಿಯಲ್ಲಿ ಕಟ್ಟಿದ ಪಾಠಗಳ ಹಳೆಯ ಕಾಯಿಲೆ ಅದು. ಪ್ರಮಾಣಪತ್ರ ತಡೆಹಿಡಿಯುವ ಮೊದಲು ಈ ಕಾರಣವನ್ನು ಒಮ್ಮೆ ಪರಿಶೀಲಿಸಿ.

ಕಾರ್ಯಾಗಾರದ ದಿನಾಂಕ ಹಾಕುವಾಗ ಎಚ್ಚರ. ಬೋಧಕರಿಗೆ ಉಸಿರಾಡಲು ಬಿಡುವಾಗುವ ರಜೆಯಲ್ಲೇ ಬೋಧಕೇತರರಿಗೆ ಪ್ರವೇಶಾತಿಯ ಗದ್ದಲ. ಇವರಿಗೆ ಬಿಡುವಾದಾಗ ಅವರಿಗೆ ಮೌಲ್ಯಮಾಪನ. ಇಬ್ಬರಿಗೂ ಹೊಂದುವುದು ಸೆಮಿಸ್ಟರ್ ಶುರುವಾಗಿ ಮೂರನೇ ವಾರದಿಂದ ಆಂತರಿಕ ಪರೀಕ್ಷೆಯವರೆಗಿನ ಕಿರಿದಾದ ಕಿಂಡಿ. ಸತತ ಎರಡು ದಿನ ಇಡುವುದಕ್ಕಿಂತ ಒಂದೊಂದೇ ದಿನ, ನಡುವೆ ಐದಾರು ವಾರ ಬಿಟ್ಟು ಇಟ್ಟಾಗ ಹಾಜರಾತಿಯೂ ಚೆನ್ನ, ಕಲಿತದ್ದನ್ನು ಪ್ರಯೋಗಿಸಲು ಸಮಯವೂ ಸಿಗುತ್ತದೆ.

ಇಡೀ ಯೋಜನೆಯಲ್ಲಿ ಅತ್ಯಂತ ದುರ್ಬಲ ಕೊಂಡಿ ಮೇಲಧಿಕಾರಿ. ಅಭ್ಯರ್ಥಿಯನ್ನು ಕಳಿಸಿಕೊಟ್ಟ ಮೇಲೆ ಅವರ ಪಾತ್ರವೇನೆಂದು ಪ್ಯಾಕೇಜ್‌ನಲ್ಲಿ ಎಲ್ಲೂ ಇಲ್ಲ. ನಾವು ಸೇರಿಸಿದ್ದು ಮೂರು ಭೇಟಿ, ತಲಾ 30 ನಿಮಿಷ: ಶುರುವಿಗೆ ಮುನ್ನ ‘ಇದರಿಂದ ಏನು ಬದಲಾಗಬೇಕು’, ನಡುವೆ ‘ಎಲ್ಲಿ ಅಡ್ಡಿಯಾಗಿದೆ, ನಾನೇನು ಬಿಟ್ಟುಕೊಡಬೇಕು’, ಮುಗಿದು ಮೂರು ತಿಂಗಳಿಗೆ ‘ಯಾವ ಹೊಣೆ ಈಗ ನಿಮ್ಮದು’. ಈ ಭೇಟಿ ನಡೆದವರಲ್ಲಿ ಪ್ರಾಜೆಕ್ಟ್ ಮುಗಿಯುತ್ತದೆ. ನಡೆಯದವರಲ್ಲಿ ಅದು ಕಡತದಲ್ಲೇ ಉಳಿಯುತ್ತದೆ, ಎಷ್ಟೇ ಚುರುಕಿನ ಅಭ್ಯರ್ಥಿಯಾಗಿರಲಿ.

ಫಲ ಅಳೆಯುವ ವಿಷಯದಲ್ಲಿ ಸಂಸ್ಥೆಯವರು ತೋರಿಸುವುದು ಕಾರ್ಯಾಗಾರದ ಸಂಜೆ ತುಂಬಿಸಿಕೊಂಡ ಫಾರ್ಮ್. ತರಬೇತಿಯ ಮೌಲ್ಯಮಾಪನಕ್ಕೆ ಹೆಸರಾದ ಅಮೆರಿಕದ ವಿದ್ವಾಂಸ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ಇದನ್ನು ನಾಲ್ಕು ಹಂತವಾಗಿ ವಿಂಗಡಿಸಿಟ್ಟಿದ್ದಾರೆ: ಪ್ರತಿಕ್ರಿಯೆ, ಕಲಿಕೆ, ನಡವಳಿಕೆ, ಫಲಿತಾಂಶ. ಆ ಫಾರ್ಮ್ ಮೊದಲನೆಯದನ್ನು ದಾಟುವುದಿಲ್ಲ. ನಡವಳಿಕೆ ನೋಡಬೇಕಿದ್ದರೆ ಆರು ತಿಂಗಳ ಮೇಲೆ 360ರ ಪ್ರಶ್ನೆಗಳಲ್ಲಿ ಆಯ್ದ ಐದನ್ನೇ ಅದೇ ಜನರಿಗೆ ಮತ್ತೆ ಕೇಳಿ. ಫಲಿತಾಂಶಕ್ಕೆ ಕಚೇರಿಯಲ್ಲೇ ಇರುವ ಅಂಕಿಗಳು ಸಾಕು: ಅಂಕಪಟ್ಟಿ ತಲುಪಿದ ದಿನ, ಕಡತ ಒಂದು ಮೇಜಿನಲ್ಲಿ ನಿಂತ ದಿನಗಳು, ಸಭೆಯ ತೀರ್ಮಾನಗಳಲ್ಲಿ ಜಾರಿಯಾದವು ಎಷ್ಟು. ತರಬೇತಿಗೆ ಮೊದಲಿನ ಅಂಕಿಯನ್ನು ಬರೆದಿಟ್ಟುಕೊಳ್ಳದಿದ್ದರೆ ಹೋಲಿಸಲು ಏನೂ ಇರುವುದಿಲ್ಲ.

ಪ್ರಾಜೆಕ್ಟ್ ಆರಿಸುವಾಗ ಒಂದು ಸೆಮಿಸ್ಟರ್‌ನಲ್ಲಿ ಮುಗಿಯುವ, ಬೇರೆ ಸಮಿತಿಯ ಒಪ್ಪಿಗೆ ಬೇಡದ ಕೆಲಸವನ್ನೇ ಹಿಡಿಯಲಿ. ‘ಸಂಶೋಧನಾ ಸಂಸ್ಕೃತಿ ಬೆಳೆಸುವುದು’ ಎಂದು ಬರೆದದ್ದು ಮುಗಿಯುವುದಿಲ್ಲ. ‘ಪ್ರಯೋಗಾಲಯ ಸಾಮಗ್ರಿಯ ಬೇಡಿಕೆ ಪತ್ರದ ಏಳು ಸಹಿಗಳನ್ನು ಮೂರಕ್ಕಿಳಿಸುವ ಪ್ರಸ್ತಾವ’ ಮುಗಿಯುತ್ತದೆ. ಇನ್ನು ಒಪ್ಪಂದ ನವೀಕರಿಸುವ ಮುನ್ನ ಕೇಳಿ ಬರೆಸಿಕೊಳ್ಳಬೇಕಾದ್ದು: 360ರ ಮೂಲ ಉತ್ತರಗಳು ಯಾರ ಸರ್ವರ್‌ನಲ್ಲಿವೆ, ಎಷ್ಟು ತಿಂಗಳಿಗೆ ಅಳಿಸುತ್ತಾರೆ, ನಡುವೆ ಕೋಚ್ ಬದಲಾದರೆ ಹಿಂದಿನ ಭೇಟಿಯ ಟಿಪ್ಪಣಿ ಅಭ್ಯರ್ಥಿಯ ಒಪ್ಪಿಗೆ ಇಲ್ಲದೆ ಕೈ ಬದಲಾಗುತ್ತದೆಯೇ.