ಚಳಿಗಾಲದ ಭಾನುವಾರಕ್ಕೆ ಯಾವುದು: ರಂಗನತಿಟ್ಟಾ, ಕೊಕ್ಕರೆ ಬೆಳ್ಳೂರಾ, ಗೋಪಾಲಸ್ವಾಮಿ ಬೆಟ್ಟವಾ?

ಕ್ರಿಸ್‌ಮಸ್ ರಜೆ ಬಂತೆಂದರೆ ಊರವರೆಲ್ಲ ಮೈಸೂರಿಗೆ ಬರುತ್ತಾರೆ, ಮೈಸೂರಿನವರು ಎಲ್ಲಿಗಾದರೂ ತಪ್ಪಿಸಿಕೊಳ್ಳೋಣ ಅನ್ನುತ್ತಾರೆ. ಅರಮನೆ, ಝೂ, ಬೃಂದಾವನ ಯಾವುದರ ಹತ್ತಿರವೂ ಸುಳಿಯುವ ಹಾಗಿರುವುದಿಲ್ಲ. ನಮ್ಮ ಮನೆಯಲ್ಲಿ ಎರಡನೇ ಕ್ಲಾಸಿನ ಮಗ, ಮೂರು ತುಂಬಿದ ಮಗಳು, ಮಂಡಿನೋವಿನ ಅತ್ತೆ, ಡ್ರೈವಿಂಗ್ ಬಿಟ್ಟು ಬೇರಾವ ಜವಾಬ್ದಾರಿಯೂ ಬೇಡ ಅನ್ನುವ ಯಜಮಾನರು. ಬೆಳಿಗ್ಗೆ ಹೊರಟು ಸಂಜೆಯೊಳಗೆ ಮನೆ ಸೇರುವಂಥ ಮೂರು ಜಾಗಗಳಿಗೆ ಇಷ್ಟೂ ಜನರನ್ನು ಕರೆದುಕೊಂಡು ಹೋಗಿ ನೋಡಿದ್ದೇನೆ. ನಾನು ಹಾಕುವ ಲೆಕ್ಕ ಒಂದೇ: ಮಕ್ಕಳು ಕಾಯುವ ಹೊತ್ತೆಷ್ಟು, ನೋಡುವ ಹೊತ್ತೆಷ್ಟು. ಜಾಗ ಎಷ್ಟು ಚೆನ್ನಾಗಿದೆ ಅನ್ನುವುದು ಆಮೇಲಿನ ಮಾತು.

ಹತ್ತಿರದ್ದು ರಂಗನತಿಟ್ಟು. ಮೈಸೂರಿನಿಂದ 20 ಕಿ.ಮೀ. ಒಳಗೇ, ಶ್ರೀರಂಗಪಟ್ಟಣಕ್ಕೆ ಮುಂಚೆಯೇ ಎಡಕ್ಕೆ ತಿರುಗಿದರೆ ಆಯಿತು. 17ನೇ ಶತಮಾನದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಅಣೆಯಿಂದ ಇಲ್ಲಿ ನಡುಗಡ್ಡೆಗಳಾದವು, ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು ಎಂದೆಲ್ಲ ದಾರಿಯುದ್ದಕ್ಕೂ ಮಗನಿಗೆ ಹೇಳಿದೆ. ಅವನು ತಿರುಗಿ ಕೇಳಿದ್ದು, "ಅಮ್ಮ, ಮೊಸಳೆ ಎಷ್ಟು ಹೊತ್ತಿಗೆ ಬರುತ್ತೆ?"

ಮೊಸಳೆಗೆ ಚಳಿಗಾಲದ ಬೆಳಿಗ್ಗೆಯೇ ಸರಿಯಾದ ಹೊತ್ತು. ರಾತ್ರಿಯ ಚಳಿಗೆ ಮೈ ತಣ್ಣಗಾಗಿರುತ್ತದಲ್ಲ, ಬಿಸಿಲೇರುತ್ತಿದ್ದ ಹಾಗೆ ಬಂಡೆ ಹತ್ತಿ ಬಾಯಿ ತೆರೆದು ಮಲಗಿಬಿಡುತ್ತವೆ. ದೋಣಿಯವರು ಹುಟ್ಟು ಹಾಕುವುದನ್ನು ನಿಲ್ಲಿಸಿ, ದೋಣಿ ತಾನಾಗಿ ತೇಲುವಂತೆ ಬಂಡೆಯ ಪಕ್ಕಕ್ಕೆ ಬಿಟ್ಟರು. ಮಗಳು "ಬೊಂಬೆ" ಅಂದಳು. "ಬೊಂಬೆ ಅಲ್ಲ ಪುಟ್ಟಿ, ಕಣ್ಣು ನೋಡು" ಅಂದರು ಅವರು. ಅಷ್ಟರಲ್ಲಿ ಅದು ಸದ್ದಿಲ್ಲದೆ ನೀರಿಗೆ ಜಾರಿತು. ಮಗಳು ಆ ದಿನವೆಲ್ಲ ನನ್ನ ಕುತ್ತಿಗೆ ಬಿಡಲಿಲ್ಲ. ಹಕ್ಕಿಗಳ ವಿಷಯದಲ್ಲೂ ಮೋಸವಿಲ್ಲ. ಬಾಯಿಕಳಕ, ಚಮಚದ ಕೊಕ್ಕಿನವು, ಬಂಡೆಯ ಸಂದಿಯಲ್ಲಿ ಕವಲುತೋಕೆಗಳ ಮಣ್ಣಿನ ಗೂಡು, ಮರದ ತುಂಬ ತಲೆಕೆಳಗಾದ ಬಾವಲಿ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ನೀರು ಬಿಟ್ಟರೆ ದೋಣಿಯೇ ನಿಂತುಹೋಗುತ್ತದೆ. ಚಳಿಗಾಲದಲ್ಲಿ ಆ ಚಿಂತೆ ಇಲ್ಲ.

ಆದರೆ ನನ್ನ ಲೆಕ್ಕದಲ್ಲಿ ಇದು ಸೋಲುವುದು ದೋಣಿಯ ಸಾಲಿನಲ್ಲಿ. ರಜೆಯ ದಿನ ಹನ್ನೊಂದು ಗಂಟೆಗೆ ಹೋದರೆ ದೋಣಿಯಲ್ಲಿ ಕೂರುವ ಹೊತ್ತಿಗಿಂತ ಸಾಲಿನಲ್ಲಿ ನಿಲ್ಲುವ ಹೊತ್ತೇ ಹೆಚ್ಚು. ದೋಣಿಯಲ್ಲೂ ಮಕ್ಕಳು ಕೂತಲ್ಲೇ ಕೂತಿರಬೇಕು, ಕೈ ಹೊರಗೆ ಹಾಕುವಂತಿಲ್ಲ, ಕೂಗುವಂತಿಲ್ಲ. ಎಂಟು ವರ್ಷದವನಿಗೆ ಅದು ಶಿಸ್ತು, ಮೂರು ವರ್ಷದವಳಿಗೆ ಶಿಕ್ಷೆ. ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ಮೊದಲ ದೋಣಿಗಳಲ್ಲಿ ಒಂದನ್ನು ಹಿಡಿಯುವ ಹಾಗಿದ್ದರೆ ಮಾತ್ರ ನಾನು ರಂಗನತಿಟ್ಟಿಗೆ ಹೂಂ ಅನ್ನುವುದು. ಅತ್ತೆಯವರ ಮತ ಬೇರೆ. ಅವರಿಗೆ ನದಿ ಕಂಡರೆ ಸಾಕು, ಬಿದಿರು ಮೆಳೆಯ ನೆರಳಲ್ಲಿ ಕೂತು "ನೀವು ಹೋಗಿ ಬನ್ನಿ" ಅಂದುಬಿಡುತ್ತಾರೆ.

ಕೊಕ್ಕರೆ ಬೆಳ್ಳೂರು ದೂರ. ಮದ್ದೂರು ದಾಟಿ, ಬೆಂಗಳೂರು ಹೆದ್ದಾರಿ ಬಿಟ್ಟು ಒಳದಾರಿಯಲ್ಲಿ ಹತ್ತಾರು ಕಿ.ಮೀ. ಹೋಗಬೇಕು, ಮೈಸೂರಿನಿಂದ ಒಟ್ಟು ಸುಮಾರು 80. ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕು, ಆಟೋ ಬಿಡುವುದಿಲ್ಲವಾದ್ದರಿಂದ ಕಾರಿಲ್ಲದವರು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು, ಅದು ಚಿಕ್ಕ ಮಕ್ಕಳಿಗೆ ಹೇಳಿಸಿದ್ದಲ್ಲ. ಇಷ್ಟು ದೂರ ಕಾರಿನಲ್ಲಿ ಕೂರುವುದೂ ಕಾಯುವುದೇ ತಾನೇ ಎಂದು ನೀವು ಕೇಳಬಹುದು. ಮಕ್ಕಳು ಹೋಗುವಾಗ ನಿದ್ದೆ ಮಾಡಿದರು, ಮದ್ದೂರಿನಲ್ಲಿ ವಡೆಗೆ ಎದ್ದರು. ನಾನು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಲ್ಲಿ ಗೇಟಿಲ್ಲ, ಸಾಲಿಲ್ಲ. ಅದೊಂದು ಮಾಮೂಲಿ ಊರು. ಹೆಂಚಿನ ಮನೆ, ಆರ್‌ಸಿಸಿ ಮನೆ, ತಿಪ್ಪೆ, ಕಟ್ಟಿಹಾಕಿದ ಮೇಕೆ. ತಲೆಯೆತ್ತಿದರೆ ಹುಣಸೆಮರದ ತುದಿಯಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟಿಕೊಂಡು ಕೂತಿರುತ್ತವೆ. ಅಷ್ಟು ದೊಡ್ಡ ಹಕ್ಕಿ, ಕೊಕ್ಕಿನ ಕೆಳಗೆ ಜೋಲುವ ಚೀಲ, ಮನೆಯ ಸೂರಿಗಿಂತ ಸ್ವಲ್ಪವೇ ಮೇಲೆ. ಮಗಳು ಓಡಿದಳು, ಕೋಳಿಯ ಹಿಂದೆ ಹೋದಳು, ಮತ್ತೆ ಬಂದು ಮೇಲೆ ನೋಡಿದಳು, ಮತ್ತೆ ಓಡಿದಳು. ಯಾರೂ "ಶ್" ಅನ್ನಲಿಲ್ಲ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯೊಬ್ಬರು ನನ್ನನ್ನು ಕೂಗಿ, "ಅವ್ವಾ, ಆ ಮರದಡೀಲಿ ಮಗೀನ ನಿಲ್ಲಿಸಬ್ಯಾಡ, ಮ್ಯಾಲಿಂದ ಅಭಿಷೇಕ ಆಯ್ತದೆ" ಅಂದರು. ಆಗಲೇ ನಮ್ಮ ಕಾರಿನ ಗಾಜಿಗೆ ಆಗಿಬಿಟ್ಟಿತ್ತು. ಅತ್ತೆ ಅದೇ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯಲು ಕೈ ಹಾಕಿದವರು ನಾವು ಹೊರಡುವವರೆಗೂ ಏಳಲಿಲ್ಲ. ಇಬ್ಬರೂ ಸೊಸೆಯರ ವಿಷಯ ಮಾತಾಡಿಕೊಂಡರೆಂದು ನನ್ನ ಗುಮಾನಿ.

ಹಕ್ಕಿ ಬರುವುದು ಊರಿಗೆ ಒಳ್ಳೆಯದು ಎಂಬ ನಂಬಿಕೆ ಅಲ್ಲಿ ಹಳೆಯದು. ಅವುಗಳ ಹಿಕ್ಕೆ ಹೊಲಕ್ಕೆ ಗೊಬ್ಬರ. ಗೂಡಿರುವ ಮರದ ಹುಣಸೆ ಕೀಳದೆ ಬಿಟ್ಟವರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಟು ಮಾಡಿಕೊಂಡಿದೆ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ, ಬಲಿತ ಮೇಲೆ ಬಿಡುವ ಕೆಲಸವನ್ನು ಊರಿನ ಹೆಜ್ಜಾರ್ಲೆ ಬಳಗದವರು ಮಾಡಿಕೊಂಡು ಬಂದಿದ್ದಾರೆ. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಯಿತು. ಮಗನಿಗೆ ಇದೆಲ್ಲ ತಲೆಗೆ ಹೋದದ್ದು ಹುಣಸೆಹಣ್ಣಿನ ಲೆಕ್ಕದಲ್ಲಿ. "ಹಾಗಾದ್ರೆ ಹಕ್ಕಿ ಬಾಡಿಗೆ ಕೊಡ್ತಿದೆ" ಅಂದ.

ಯಾವಾಗ ಹೋಗುತ್ತೀರಿ ಅನ್ನುವುದು ಇಲ್ಲಿ ಮುಖ್ಯ. ಡಿಸೆಂಬರಿನಲ್ಲಿ ಹೆಜ್ಜಾರ್ಲೆ ಸಿಗುತ್ತವೆ; ಬಣ್ಣದ ಕೊಕ್ಕರೆಗಳೂ ಸೇರಿ ಗೂಡುಗಳು ತುಂಬಬೇಕಾದರೆ ಜನವರಿ ಕೊನೆ, ಫೆಬ್ರವರಿ. ಬಲಿತ ಬಣ್ಣದ ಕೊಕ್ಕರೆಗೆ ಹೆಚ್ಚುಕಮ್ಮಿ ದನಿಯೇ ಇಲ್ಲ, ಕೊಕ್ಕು ಕಟಕಟ ಬಡಿಯುತ್ತದೆ ಅಷ್ಟೆ. ಗದ್ದಲವೆಲ್ಲ ಮರಿಗಳದು. ಸುತ್ತಿನ ಕೆರೆಗಳಲ್ಲಿ ನೀರಿಲ್ಲದ ವರ್ಷ ಹಕ್ಕಿ ಕಡಿಮೆ, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ. ಮೀನಿನ ವಾಸನೆ ಖಂಡಿತ ಇರುತ್ತದೆ. ತಿಂಡಿ, ಶೌಚ ಎರಡನ್ನೂ ಮದ್ದೂರಿನಲ್ಲೇ ಮುಗಿಸಿಕೊಳ್ಳುವುದು ಕ್ಷೇಮ. ಹತ್ತೂವರೆ ಮೇಲೆ ಬಿಸಿಲು ಚುರುಕಾಗುತ್ತದೆ, ಚಳಿಗಾಲವಾದರೂ ಅದು ಮಂಡ್ಯ ಜಿಲ್ಲೆ.

ಇನ್ನೊಂದು ಲಾಭ ಬರುವ ದಾರಿಯಲ್ಲಿ. ಕಬ್ಬು ಕಡಿಯುವ ಕಾಲವಾದ್ದರಿಂದ ಆಲೆಮನೆಗಳು ಹೊಗೆಯಾಡುತ್ತಿರುತ್ತವೆ. ಕೇಳಿದರೆ ಒಳಗೆ ಬಿಡುತ್ತಾರೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಾ ನೊರೆ ಅಂಚಿಗೆ ಬರುತ್ತದೆ, ಒಬ್ಬ ಅದನ್ನು ತೆಗೆಯುತ್ತಾನೆ, ಇನ್ನೊಬ್ಬ ಒಣಗಿದ ಕಬ್ಬಿನ ಸಿಪ್ಪೆಯನ್ನು ಒಲೆಗೆ ತಳ್ಳುತ್ತಲೇ ಇರುತ್ತಾನೆ. ಪಾಕ ಹದಕ್ಕೆ ಬಂದಾಗ ಕಬ್ಬಿನ ತುಂಡಿಗೆ ಬಿಸಿಬೆಲ್ಲ ಮೆತ್ತಿ ಮಗನ ಕೈಗೆ ಕೊಟ್ಟರು. ಅವನು ಊದಿ ಊದಿ ತಿಂದ. ಮಗಳನ್ನು ಮಾತ್ರ ಅವರಪ್ಪ ಕಂಕುಳಿಂದ ಇಳಿಸಲಿಲ್ಲ. ಕುದಿಯುವ ಕೊಪ್ಪರಿಗೆಯ ಮುಂದೆ ಆ ವಯಸ್ಸಿನ ಮಗುವನ್ನು ಬಿಡುವ ಹಾಗಿಲ್ಲ.

ಹಿಮವದ್ ಗೋಪಾಲಸ್ವಾಮಿ ಬೆಟ್ಟ ದೊಡ್ಡವರಿಗೆ ಇಷ್ಟವಾಗುವ ಜಾಗ. ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡಿನಂಚು, 1454 ಮೀಟರ್ ಎತ್ತರ, ಹೊಯ್ಸಳರ ಕಾಲದ ಗುಡಿ. ನಮ್ಮ ಗಾಡಿ ತಪ್ಪಲಿನಲ್ಲೇ ನಿಲ್ಲಿಸಿ ಸರ್ಕಾರಿ ಬಸ್ಸಿನಲ್ಲಿ ಮೇಲೆ ಹೋಗಬೇಕು. ಕಾಡಿನ ದೃಷ್ಟಿಯಿಂದ ಅದು ಸರಿಯೇ, ನಾನು ತಕರಾರು ಮಾಡುವುದಿಲ್ಲ. ಆದರೆ ರಜೆಯ ದಿನ ಹತ್ತಲು ಒಂದು ಸಾಲು, ದರ್ಶನಕ್ಕೆ ಇನ್ನೊಂದು, ಇಳಿಯಲು ಮತ್ತೊಂದು. ಮೇಲೆ ಹೋಗುವ ತಿರುವುಗಳಲ್ಲಿ ಮಗಳು ಬೆಳಗಿನ ಇಡ್ಲಿಯನ್ನು ನನ್ನ ಶಾಲಿಗೆ ಒಪ್ಪಿಸಿದಳು. ತುದಿಯಲ್ಲಿ ಮಂಜು ಎಷ್ಟಿತ್ತೆಂದರೆ ಗೋಪುರವೇ ಕಾಣಲಿಲ್ಲ. ಗಾಳಿಗೆ ಅತ್ತೆ ಬಸ್ಸು ಇಳಿದ ಜಾಗದಿಂದ ಕದಲಲಿಲ್ಲ. ಮಗ ಮಾತ್ರ ಕೈ ಚಾಚಿ, "ಅಮ್ಮ, ನಾವೀಗ ಮೋಡದ ಒಳಗಿದ್ದೀವಾ?" ಅಂದ. ಆ ಒಂದು ಪ್ರಶ್ನೆಗೆ ಅಷ್ಟೂ ಕಾದದ್ದು ವಸೂಲಾಯಿತು, ಅವನ ಪಾಲಿಗೆ. ಆರು ದಾಟಿದ ಮಕ್ಕಳಿದ್ದರೆ, ರಜೆಯಲ್ಲದ ದಿನ ಸಿಕ್ಕರೆ, ಸ್ವೆಟರ್ ಜೊತೆ ಕಿವಿ ಮುಚ್ಚುವ ಟೋಪಿಯೂ ಇದ್ದರೆ ಹೋಗಿ. ಸೂರ್ಯಕಾಂತಿ ಹೊಲದ ಫೋಟೋ ನೋಡಿ ಹೊರಡಬೇಡಿ, ಅದು ಜೂನ್-ಜುಲೈ ಸಮಾಚಾರ.

ಎಲ್ಲಿಗೂ ಹೋಗಲಾಗದ ಭಾನುವಾರಕ್ಕೆ ಕಾರಂಜಿ ಕೆರೆ ಇದ್ದೇ ಇದೆ. ಮಂಗಳವಾರ ರಜ ಅನ್ನುವುದು ನೆನಪಿರಲಿ. ಸಂಕ್ರಾಂತಿ ಸಂಜೆ ಸಿದ್ದಲಿಂಗಪುರದಲ್ಲಿ ಕಿಚ್ಚು ಹಾಯಿಸುವುದನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸಬಹುದು, ಆದರೆ ಬೆಂಕಿ, ಜನ, ಬೆದರಿದ ಹೋರಿ ಮೂರೂ ಒಟ್ಟಿಗೆ ಇರುವ ಕಡೆ ಮೂರು ವರ್ಷದವಳು ಬೇಡ. ಅವಳಿಗೆ ಮನೆಯಲ್ಲೇ ಎಲಚಿಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಸೇರಿಸಿ ತಲೆಯ ಮೇಲೆ ಸುರಿದು ಕರಿ ಎರೆಯುತ್ತೇವೆ.

ಈ ಸಲ ನಮ್ಮಲ್ಲಿ ತೀರ್ಮಾನವಾಗಿದೆ. ಬೆಟ್ಟಕ್ಕೆ ಅಪ್ಪ-ಮಗ ಇಬ್ಬರೇ, ಡಿಸೆಂಬರಿನ ಒಂದು ವಾರದ ದಿನ. ಸಂಕ್ರಾಂತಿ ಕಳೆದ ಮೇಲೆ ಎಲ್ಲರೂ ಕೊಕ್ಕರೆ ಬೆಳ್ಳೂರಿಗೆ, ಬೆಳಿಗ್ಗೆ ಆರಕ್ಕೇ ಹೊರಡುವುದು. ಜಗಲಿಯ ಅಜ್ಜಿಗೆಂದು ಅತ್ತೆ ಎಳ್ಳು-ಬೆಲ್ಲದ ಒಂದು ಪೊಟ್ಟಣ ಬೇರೆ ಕಟ್ಟಿಡಬೇಕಂತೆ, ಸಕ್ಕರೆ ಅಚ್ಚು ಸಮೇತ.