ನೂರು ಮಂದಿಯ ಪ್ಯಾಕೆಟ್, ಒಂದಡಿ ಗಂಜ್

ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮ ಹಳೇ ಮನೆ. ಗೋಡೆಯಲ್ಲಿ ಒಂದು ದೀಪದ ಗೂಡಿದೆ. ಅಗಲ 30 ಸೆಂಟಿಮೀಟರ್, ಆಳ ಒಂದು ಗೇಣೂ ಇಲ್ಲ. ಅದರೊಳಗೆ ನಮ್ಮೂರ ಧಾನ್ಯದ ಪೇಟೆ ನೆಹರು ಗಂಜಿನ ಒಂದು ಅಡತಿ (ದಲ್ಲಾಳಿ) ಅಂಗಡಿ ಕಟ್ಟಬೇಕು ಅಂತ ಹಠ ಹಿಡಿದು, ಆನ್‌ಲೈನ್‌ನಲ್ಲಿ 1:150 ಅಳತೆಯ, ಅಂದರೆ ನಿಜಕ್ಕಿಂತ 150 ಪಟ್ಟು ಚಿಕ್ಕ, ಪ್ಲಾಸ್ಟಿಕ್ ಗೊಂಬೆಗಳನ್ನು ತರಿಸಿದೆ. 100 ಮಂದಿಗೆ 380 ರೂಪಾಯಿ. ತಲೆಗೆ ನಾಲ್ಕು ರೂಪಾಯಿನೂ ಬೀಳಲಿಲ್ಲ.

ರೈಲು ಮಾಡೆಲ್ ಮಾಡುವವರು ಇದನ್ನು ಎನ್ ಸ್ಕೇಲ್ ಅನ್ನುತ್ತಾರೆ. ಜಪಾನಿನಲ್ಲಿ 1:150, ಯುರೋಪಿನಲ್ಲಿ 1:160. ಈ ಲೆಕ್ಕದಲ್ಲಿ ನನ್ನ ಗೂಡು 45 ಮೀಟರ್ ಅಗಲ. ಅದೇ ಇದಕ್ಕಿಂತ ದೊಡ್ಡ ಗೊಂಬೆಗಳ 1:87ರ ಎಚ್‌ಒ ಸ್ಕೇಲ್ ತಗೊಂಡಿದ್ದರೆ ಬರೀ 26 ಮೀಟರ್, ಎತ್ತಿನಗಾಡಿ ತಿರುಗಿಸಲೂ ಜಾಗ ಸಾಲುತ್ತಿರಲಿಲ್ಲ.

ಐದೂವರೆ ಅಡಿ ಮನುಷ್ಯ 11 ಮಿಲಿಮೀಟರ್ ಇರಬೇಕು. ಅಳೆದು ನೋಡಿದೆ. ಹೆಚ್ಚಿನವರು ಸರಿ ಇದ್ದಾರೆ. ಆದರೆ ಏಳು ಜನ 14 ಮಿಲಿಮೀಟರ್! ಏಳಡಿ ಹಮಾಲರು! ಮೊದಲು ಬೈದುಕೊಂಡೆ. ಆಮೇಲೆ ಅವರನ್ನೇ ಮುಂದಿನ ಅಂಚಿಗೆ ನಿಲ್ಲಿಸಿ ಸಣ್ಣವರನ್ನು ಹಿಂದಕ್ಕೆ ಸರಿಸಿದೆ. ಈಗ ಗೂಡು ಇದ್ದದ್ದಕ್ಕಿಂತ ಜಾಸ್ತಿ ಆಳ ಕಾಣುತ್ತದೆ.

ಬಣ್ಣ ಮಾತ್ರ ತೀರಾ ಕಳಪೆ. ಮುಖ, ಕೂದಲು ಎಲ್ಲ ಒಂದೇ ಮುದ್ದೆ. ಉಟ್ಟಿದ್ದೂ ಕೋಟು ಪ್ಯಾಂಟೇ. ಅವ್ವ ಕನ್ನಡಕ ಏರಿಸಿ ನೋಡಿ, “ಒಬ್ಬನ ತಲಿ ಮ್ಯಾಲೂ ರುಮಾಲ ಇಲ್ಲಲ್ಲೋ ತಮ್ಮಾ, ಇವರು ಯಾವ ಗಂಜಿನವರು?” ಅಂದಳು. ಸೂಜಿ ತುದಿಯಿಂದ ಬಿಳಿ ಚುಕ್ಕೆ ಇಟ್ಟು ರುಮಾಲು ಸುತ್ತಿದ್ದಾಯಿತು. ಟಿಶ್ಯೂ ಪೇಪರಿನ ಎಳೆ ಸುತ್ತಿ ಗೋಂದಿನ ನೀರು ಹಚ್ಚಿದರೆ ಸೀರೆ. ಕೂತ ಗೊಂಬೆಗಳೆಲ್ಲ ಬೆಂಚಿಗೆ ಮಾಡಿದಂಥವು. ಗಾದಿ ಮೇಲೆ ಕೂಡಲು ಒಬ್ಬ ಸಾವ್ಕಾರ ಬೇಕಲ್ವಾ? ಒಬ್ಬನನ್ನು ಮೊಣಕಾಲಿಗೇ ಕತ್ತರಿಸಿ ಧೋತರ ಮುಚ್ಚಿಬಿಟ್ಟೆ. ಪಾಪ.

ಅಂಗಡಿ ಮುಂದಿನ ನೆಲಕ್ಕೆ ಕ್ಯಾಲೆಂಡರಿನ ಬೂದು ರಟ್ಟು. ಎರಡಡಿಯ ಶಹಾಬಾದ್ ಪರ್ಸಿ (ಹಾಸುಗಲ್ಲು) ಈ ಅಳತೆಯಲ್ಲಿ 4 ಮಿಲಿಮೀಟರಿನ ಚೌಕ. ತೊಗರಿ ಚೀಲಕ್ಕೆ ಅಕ್ಕಿ ಕಾಳು! ಚಹಾದಲ್ಲಿ ನೆನೆಸಿ ಒಣಗಿಸಿದರೆ ಥೇಟ್ ಗೋಣಿ ಬಣ್ಣ. ನಾನು ಸಕ್ಕರೆ ಹಾಕಿದ ಚಹಾ ಸುರಿದಿದ್ದೆ. ಬೆಳಗ್ಗೆ ನೋಡಿದರೆ ಇರುವೆಗಳು ಹಮಾಲಿ ಶುರು ಮಾಡಿದ್ದವು. 1:150ರಲ್ಲಿ ಒಂದೊಂದೂ ಒಂದೂವರೆ ಅಡಿ ಉದ್ದ.

ಗೊಂಬೆಗಳಿಗೆ ತೂಕವೇ ಇಲ್ಲ. ನಮ್ಮೂರ ಮೇ ತಿಂಗಳಲ್ಲಿ ಫ್ಯಾನ್ ಬಂದ್ ಮಾಡಿ ಕೂಡೋದು ಯಾರ ಕೈಲಾಗುತ್ತೆ? ಎರಡು ಸಲ ಇಡೀ ಬಜಾರು ಹಾರಿಹೋಯಿತು. ಬಿಳಿ ಗೋಂದು ಈ ಪ್ಲಾಸ್ಟಿಕ್ಕಿಗೆ ಸರಿಯಾಗಿ ಹಿಡಿಯಲ್ಲ. ಕ್ವಿಕ್ ಗಮ್ ಹಿಡಿಯುತ್ತದೆ, ಆದರೆ ಒಂದು ಹನಿ ಜಾಸ್ತಿಯಾದರೂ ಅದರ ಆವಿಗೆ ಸುತ್ತಲೆಲ್ಲ ಬೂದಿ ಬಳಿದಂತೆ ಬಿಳುಪು ಕೂರುತ್ತದೆ. ಕಡ್ಡಿ ತುದಿಯಲ್ಲಿ ಮುಟ್ಟಿಸಿದರೆ ಸಾಕು.

ಈ ಪ್ಯಾಕೆಟ್ಟಿಗೆ 5ಕ್ಕೆ 3 ಕೊಡುತ್ತೇನೆ. ಮುಂದಿನ ಸಲ ಬಣ್ಣ ಹಚ್ಚದ ಪ್ಯಾಕೆಟ್ಟೇ ತಗೋತೀನಿ. ಹೇಗಿದ್ದರೂ ಕೋಟು ಬಿಚ್ಚಿಸೋ ಕೆಲಸ ನನ್ನದೇ.