ಮನೆಯಲ್ಲೇ ಕಟ್ಟಿದ ಜಿಎನ್‌ಎಸ್ 530: ಎರಡು ಮಳೆಗಾಲ ದಾಟಿದ ಮೇಲೆ

ಜಿಎನ್‌ಎಸ್ 530 ಅಂದರೆ ಸಣ್ಣ ವಿಮಾನಗಳಲ್ಲಿ ದಾರಿ ತೋರಿಸುವ, ಗಾರ್ಮಿನ್ ಕಂಪನಿಯ ಜಿಪಿಎಸ್ ಪೆಟ್ಟಿಗೆ; ನಾನು ಕಟ್ಟಿದ್ದು ಕಂಪ್ಯೂಟರಿನ ವಿಮಾನ ಸಿಮ್ಯುಲೇಟರಿಗಾಗಿ ಅದರ ನಕಲು. ಮೊದಲೇ ಹೇಳಿಬಿಡುತ್ತೇನೆ, ಈ ಪೆಟ್ಟಿಗೆಯೊಳಗೆ ಆಂಟೆನಾ ಇಲ್ಲ. ಉಪಗ್ರಹಗಳಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ವಿಮಾನ ಎಲ್ಲಿದೆ ಅನ್ನೋದು ಎಕ್ಸ್-ಪ್ಲೇನ್ ಎಂಬ ಸಿಮ್ಯುಲೇಟರಿಗೆ ಗೊತ್ತೇ ಇರುತ್ತದೆ. ಅದು ಬಿಡಿಸುವ ಜಿಪಿಎಸ್ ಚಿತ್ರವನ್ನು ಬೇರೆ ಪರದೆಗೆ ತರಬೇಕು, ನಾಬ್ ಮತ್ತು ಬಟನ್‌ಗಳ ಸುದ್ದಿಯನ್ನು ಕಂಪ್ಯೂಟರಿಗೆ ಮುಟ್ಟಿಸಬೇಕು. ಇದರ ಕೆಲಸ ಅಷ್ಟೇ. ಆದರೂ ಮೌಸ್‌ನಿಂದ ಕ್ಲಿಕ್ ಮಾಡುತ್ತಾ ಜಿಪಿಎಸ್ ನಡೆಸಿದವರಿಗೆ ಗೊತ್ತು, ಅಪ್ರೋಚಿನ, ಅಂದರೆ ಇಳಿಯಲು ರನ್‌ವೇ ಸಮೀಪಿಸುವ ಹೊತ್ತಿನಲ್ಲಿ ಆ ಸಣ್ಣ ನಾಬಿನ ಅಂಚು ಹುಡುಕುವಷ್ಟರಲ್ಲಿ ವಿಮಾನ ಇನ್ನೂರು ಅಡಿ ಇಳಿದಿರುತ್ತದೆ. ಕೈ ಚಾಚಿದರೆ ಸಿಗುವ ನಾಬ್ ಬೇಕು ಅಂತಲೇ ನಾನು ಇದಕ್ಕೆ ಕೈ ಹಾಕಿದ್ದು.

ಒಳಗಿರುವ ಮಿದುಳು ಆರ್ಡುಯಿನೋ ಮೆಗಾ 2560 ಎಂಬ ಮೈಕ್ರೋಕಂಟ್ರೋಲರ್ ಬೋರ್ಡು. 530ರ ಬಟನ್‌ಗಳೇ ಹದಿನಾಲ್ಕು: ಕೆಳಗೆ ಸಿಡಿಐ, ಓಬಿಎಸ್, ಎಂಎಸ್‌ಜಿ, ಎಫ್‌ಪಿಎಲ್, ವಿನ್ಯಾವ್, ಪ್ರೋಕ್, ಬಲಕ್ಕೆ ರೇಂಜಿನ ಎರಡು, ಡೈರೆಕ್ಟ್-ಟು, ಮೆನು, ಕ್ಲಿಯರ್, ಎಂಟರ್, ಎಡಕ್ಕೆ ಫ್ರೀಕ್ವೆನ್ಸಿ ಅದಲುಬದಲಿನ ಎರಡು. ಜೋಡಿ ನಾಬ್‌ಗಳು ಎರಡು, ಒಂದೊಂದಕ್ಕೆ ಐದೈದು ಪಿನ್. ಒಟ್ಟು 24 ಪಿನ್ ಆಯಿತು. ಆರ್ಡುಯಿನೋದ್ದೇ ಚಿಕ್ಕ ಉನೋ ಬೋರ್ಡಿಗೆ ಇಷ್ಟು ಸಾಲುವುದಿಲ್ಲ. ಮೆಗಾದಲ್ಲಿ ಡಿಜಿಟಲ್ ಪಿನ್‌ಗಳೇ 54, ಹಾಗಾಗಿ ಮ್ಯಾಟ್ರಿಕ್ಸ್, ಡಯೋಡ್ ಗೋಜಲು ಏನೂ ಬೇಡ. ಒಂದೊಂದು ಬಟನ್‌ಗೆ ಒಂದೊಂದು ತಂತಿ, ಎಲ್ಲಕ್ಕೂ ಸೇರಿ ಒಂದು ಗ್ರೌಂಡ್. ಬೋರ್ಡು ಇಷ್ಟು ದಿನದಲ್ಲಿ ಒಮ್ಮೆಯೂ ತಂಟೆ ಮಾಡಿಲ್ಲ, ಅದರ ಬಗ್ಗೆ ಹೇಳಲು ಬೇರೇನೂ ಇಲ್ಲ.

ಹೇಳಬೇಕಾದದ್ದೆಲ್ಲ ನಾಬಿನ ಬಗ್ಗೆಯೇ. ದೊಡ್ಡ ನಾಬಿನ ನಡುವೆ ಸಣ್ಣ ನಾಬ್, ಸಣ್ಣದನ್ನು ಒತ್ತಿದರೆ ಕರ್ಸರ್. ಇದಕ್ಕೆ ಎರಡು ಶಾಫ್ಟಿನ ಎನ್‌ಕೋಡರ್ (ನಾಬ್ ಯಾವ ಕಡೆಗೆ, ಎಷ್ಟು ತಿರುಗಿತು ಅಂತ ತಿಳಿಸುವ ಬಿಡಿಭಾಗ) ಬೇಕು. ಸಾಮಾನ್ಯವಾಗಿ ಸಿಗುವ ಒಂಟಿ ಶಾಫ್ಟಿನ ಇಸಿ11 ಆಗದು. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ನಿಂತು ಹುಬ್ಬಳ್ಳಿಗೆ ಡೈರೆಕ್ಟ್-ಟು, ಅಂದರೆ ನೇರ ದಾರಿ, ಹಾಕುವುದನ್ನೇ ನೋಡಿ. ಹುಬ್ಬಳ್ಳಿ ನಿಲ್ದಾಣದ ಸಂಕೇತ VOHB. ಸಣ್ಣ ನಾಬ್ ತಿರುಗಿಸಿ ‘ವಿ’ ತರಬೇಕು, ದೊಡ್ಡದನ್ನು ಒಂದು ಕಟ್ ತಿರುಗಿಸಿ ಮುಂದಿನ ಮನೆಗೆ ಹೋಗಬೇಕು, ಮತ್ತೆ ಸಣ್ಣದರಲ್ಲಿ ‘ಓ’, ಹೀಗೆ ‘ಎಚ್’, ‘ಬಿ’; ಆಮೇಲೆ ಎರಡು ಸಲ ಎಂಟರ್. ನಾಲ್ಕಕ್ಷರಕ್ಕೆ ನಾಬ್ ಹತ್ತಾರು ಕಟ್ ತಿರುಗುತ್ತದೆ. ಅದರಲ್ಲಿ ಒಂದೇ ಒಂದು ಕಟ್ ಜಾರಿದರೂ ‘ಎಚ್’ ಹೋಗಿ ‘ಐ’ ಬರುತ್ತದೆ. ಹಿಂದಕ್ಕೆ ತಿರುಗಿಸಿದರೆ ‘ಜಿ’ಗೆ ಹೋಗಿ ನಿಲ್ಲುತ್ತದೆ. ಅಗ್ಗದ ಎನ್‌ಕೋಡರ್‌ಗಳ ಗುಣವೇ ಇದು. ಒಳಗಿನ ಲೋಹದ ಸಂಪರ್ಕ ಕೂಡುವಾಗ ಸಣ್ಣಗೆ ಕಂಪಿಸುತ್ತದೆ, ಬೋರ್ಡು ಆ ಕಂಪನವನ್ನೂ ಎಣಿಕೆಗೆ ಹಿಡಿಯುತ್ತದೆ. ಜೊತೆಗೆ ಕೈಗೆ ಸಿಗುವ ಒಂದು ‘ಟಕ್’ಗೆ ಎನ್‌ಕೋಡರ್ ಒಂದು ಸುತ್ತು ಸಿಗ್ನಲ್ ಕೊಡುತ್ತದೋ ಅರ್ಧ ಸುತ್ತೋ ಅನ್ನೋದನ್ನು, ಬೋರ್ಡನ್ನು ಸಿಮ್ಯುಲೇಟರಿಗೆ ಜೋಡಿಸುವ ಮೋಬಿಫ್ಲೈಟ್ ತಂತ್ರಾಂಶದ ಸೆಟ್ಟಿಂಗಿನಲ್ಲಿ ಸರಿಯಾಗಿ ಆರಿಸಬೇಕು. ಅದು ತಪ್ಪಿದ್ದರೆ ಒಂದು ಟಕ್ಕಿಗೆ ಎರಡಕ್ಷರ ಓಡುತ್ತದೆ, ಇಲ್ಲವೇ ಎರಡು ಟಕ್ಕಿಗೆ ಒಂದು. ಅಕ್ಷರ ಜಾರಿದರೆ ಎನ್‌ಕೋಡರನ್ನು ಬಯ್ಯುವ ಮುಂಚೆ ಈ ಸೆಟ್ಟಿಂಗ್ ನೋಡಿ.

ನಾನು ಹಾಕಿದ್ದು ಆಲ್ಪ್ಸ್ ಕಂಪನಿಯ ಜೋಡಿ ಶಾಫ್ಟಿನದು. ಇಡೀ ಪೆಟ್ಟಿಗೆಯಲ್ಲಿ ಗಾತ್ರಕ್ಕೆ ಹೋಲಿಸಿದರೆ ಅತಿ ದುಬಾರಿ ವಸ್ತು. ಇವತ್ತಿಗೂ ಟಕ್ ಮೊದಲಿನ ಹಾಗೇ ಗಟ್ಟಿ, ಎಡಬಲ ಎರಡೂ ಕಡೆ ಎಣಿಕೆ ಸರಿ. ಒತ್ತಿದಾಗ ಸಣ್ಣ ಶಾಫ್ಟು ಈಗ ಕೂದಲೆಳೆಯಷ್ಟು ಅಲುಗುತ್ತದೆ, ಅಷ್ಟೇ.

ನಾಬಿನ ಟೋಪಿಗಳನ್ನು ಮಾಡಿಸಿದ್ದು ಉದ್ಯಮಬಾಗ್‌ನಲ್ಲಿ. ಬೆಳಗಾವಿಯವರಿಗೆ ಇರುವ ದೊಡ್ಡ ಅನುಕೂಲ ಇದು: ಫೌಂಡ್ರಿ, ಲೇತ್, ಲೇಸರ್ ಕಟಿಂಗ್ ಎಲ್ಲ ಒಂದೇ ಕಡೆ. ಪಂಪು, ವಾಲ್ವಿನ ಭಾಗ ಮಾಡುವ ಲೇತಿನವರ ಮುಂದೆ ಬೆರಳ ತುದಿಯಷ್ಟು ಅಲ್ಯೂಮಿನಿಯಂ ತುಂಡು ಇಟ್ಟೆ. ‘ಇಷ್ಟ ಸಣ್ಣದಕ್ಕ ಇಷ್ಟ್ಯಾಕ್ರೀ ಸರ ಟಾಲರೆನ್ಸು?’ ಅಂದರು. ಒಳಗಿನದು ತಿರುಗಿದಾಗ ಹೊರಗಿನದು ಅಲುಗಬಾರದು ಅಂತ ವಿವರಿಸಿದೆ. ಅವರು ಎರಡನ್ನೂ ಒಂದರೊಳಗೊಂದು ಕೂರಿಸಿ, ತಿರುಗಿಸಿ, ಕಿವಿಗೆ ಹಿಡಿದು ನೋಡಿ, ಇನ್ನೊಂದು ಸಲ ಲೇತಿಗೆ ಹಾಕಿ ಒಳಗಿನ ಅಂಚನ್ನು ತುಸು ತೆಗೆದರು. ಅಂಚಿಗೆ ಬೆರಳು ಜಾರದ ಹಾಗೆ ಗೀರು, ಅಂದರೆ ನರ್ಲಿಂಗ್ ಕೂಡ ಹಾಕಿಕೊಟ್ಟರು. ತ್ರೀಡಿ ಪ್ರಿಂಟಿನ ನಾಬ್‌ಗಳನ್ನೂ ನಾನು ಬಳಸಿದ್ದೇನೆ; ಆ ಲೋಹದ ತಣ್ಣನೆಯ ಹಿಡಿತ ಅವುಗಳಲ್ಲಿ ಇಲ್ಲ.

ಪರದೆಯ ಮಾತಿಗೆ ಬಂದರೆ, ಎಲ್ಲೆಡೆ ಸಿಗುವ 5 ಇಂಚಿನ 800×480 ಪರದೆ ಅಗಲ ಜಾಸ್ತಿ, ಎತ್ತರ ಕಡಿಮೆ. ಅಸಲಿ 530ರ ಪರದೆ 320×234 ಪಿಕ್ಸೆಲ್, ಹೆಚ್ಚುಕಡಿಮೆ 4:3. ಆದ್ದರಿಂದ 5.6 ಇಂಚಿನ 640×480 ಪರದೆಯನ್ನು ಎಚ್‌ಡಿಎಂಐ ಬೋರ್ಡಿನ ಸಮೇತ ತಂದೆ. ಅಗಲಕ್ಕೂ ಎತ್ತರಕ್ಕೂ ಸರಿಸುಮಾರು ಇಮ್ಮಡಿ ಪಿಕ್ಸೆಲ್ ಇರುವುದರಿಂದ ಅಕ್ಷರ ಸ್ಪಷ್ಟ. ಆದರೆ ಅಸಲಿ ಪೆಟ್ಟಿಗೆಯ ಅಗಲ 6.25 ಇಂಚು ಮಾತ್ರ, ಈ ಪರದೆಯ ಪಕ್ಕದಲ್ಲಿ ಎನ್‌ಕೋಡರ್ ಕೂರಿಸಲು ಜಾಗ ಬಹಳ ಬಿಗಿ. ನಾನು ಅಗಲ ಸ್ವಲ್ಪ ಹೆಚ್ಚಿಸಿದೆ. ಅಳತೆ ಪಕ್ಕಾ ಇರಲೇಬೇಕು ಅನ್ನುವವರಿಗೆ ಇದು ಒಪ್ಪಿಗೆಯಾಗಲಿಕ್ಕಿಲ್ಲ.

ಎಕ್ಸ್-ಪ್ಲೇನ್‌ನಲ್ಲಿ ಜಿಪಿಎಸ್ ಕಿಟಕಿಯನ್ನು ಹೊರಗೆ ತೆಗೆದು ಈ ಪರದೆಗೆ ಎಳೆದಿಟ್ಟರೆ ಮುಗಿಯಿತು. ಬಟನ್‌ಗಳಿಗೆ ಬೇಕಾದ ಕಮಾಂಡುಗಳೆಲ್ಲ ಅದರಲ್ಲೇ ಇವೆ, ಮೋಬಿಫ್ಲೈಟ್ ಉಚಿತ. ಮೈಕ್ರೋಸಾಫ್ಟ್ ಸಿಮ್ಯುಲೇಟರಿನಲ್ಲಿ ಬಲಗಡೆಯ ಆಲ್ಟ್ ಒತ್ತಿ ಕ್ಲಿಕ್ ಮಾಡಿದರೆ ಕಿಟಕಿ ಹೊರಬರುತ್ತದೆ, ಆದರೆ ಅದನ್ನು ಅದರ ಜಾಗಕ್ಕೆ ಕೂರಿಸುವ ಕೆಲಸ ಮತ್ತೆ ಮತ್ತೆ ಬೀಳುತ್ತದೆ. ಈ ಕಾರಣಕ್ಕೇ ನಾನು ಎಕ್ಸ್-ಪ್ಲೇನ್ ಬಿಟ್ಟಿಲ್ಲ.

ಬಾಳಿಕೆಗೆ ನಿಜವಾದ ಪರೀಕ್ಷೆ ನಮ್ಮೂರಿನ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಒದ್ದೆ ಇರುವ ಕೋಣೆಯಲ್ಲಿ ಸಿಕ್ಕಿಸುವ ಜಂಪರ್ ತಂತಿಗಳು ಮೊದಲ ಮಳೆಗಾಲದಲ್ಲೇ ಕೈಕೊಟ್ಟವು. ಪ್ರೋಕ್ ಒತ್ತಿದರೆ ಒಮ್ಮೆ ಬರುತ್ತಿತ್ತು, ಒಮ್ಮೆ ಇಲ್ಲ. ಎಲ್ಲವನ್ನೂ ಸೋಲ್ಡರ್ ಮಾಡಿ ರಿಬ್ಬನ್ ಕೇಬಲ್ ಹಾಕಿದ ಮೇಲೆ ಎರಡನೇ ಮಳೆಗಾಲ ನಿರಾತಂಕವಾಗಿ ಕಳೆಯಿತು. ಡೈರೆಕ್ಟ್-ಟು ಬಟನ್ ಮಾತ್ರ ಸವೆದು ಬದಲಾಯಿಸಿದ್ದೇನೆ. ಚಿಲ್ಲರೆ ಬೆಲೆಯ ಸ್ವಿಚ್ಚು. ಪರದೆಗೆ 12 ವೋಲ್ಟಿನ ಬೇರೆ ಅಡಾಪ್ಟರ್ ಇಡಿ, ಎಲ್ಲವನ್ನೂ ಯುಪಿಎಸ್ ಮೇಲೆ ಹಾಕಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ಕಿಟಕಿ ದೊಡ್ಡ ಮಾನಿಟರಿಗೆ ಹಾರಿರುತ್ತದೆ.

ಈಗ ಸಾಂಬ್ರಾದ ರನ್‌ವೇ 26ರಿಂದ ಸೆಸ್ನಾ 172 ಏರಿಸಿ ಡೈರೆಕ್ಟ್-ಟು ಹಾಕಿದರೆ ಹುಬ್ಬಳ್ಳಿ ಸುಮಾರು 40 ನಾಟಿಕಲ್ ಮೈಲು, ದಿಕ್ಕು 138 ಡಿಗ್ರಿಯ ಆಸುಪಾಸು. ಮಲಪ್ರಭೆ ದಾಟುತ್ತೇವೆ, ಬಲಕ್ಕೆ ಕಿತ್ತೂರು ಸರಿಯುತ್ತದೆ. ಈ ಹೊತ್ತಿನಲ್ಲಿ ನನ್ನ ಕಣ್ಣು ಹೊರಗೇ ಇರುತ್ತದೆ. ರೇಂಜ್ ಹಿಗ್ಗಿಸುವುದು, ಪುಟ ತಿರುವುವುದು ಎಲ್ಲ ಕೈಯಳತೆಯಲ್ಲೇ ನಡೆಯುತ್ತದೆ. ವಿಮಾನ ಕಲಿಯುತ್ತಿರುವ ನನ್ನ ಅಕ್ಕನ ಮಗ ರಜೆಗೆ ಬಂದಾಗ ಇದರ ಮುಂದೆ ಕೂತು ಫ್ಲೈಟ್ ಪ್ಲಾನ್ ತುಂಬುವುದನ್ನು ರೂಢಿ ಮಾಡಿಕೊಂಡ. ‘ಮಾಮಾ, ಬಟನ್ ಎಲ್ಲದಾವ ಅಂತ ಹುಡುಕೋದ ಬಿಟ್ಟಿತು ನೋಡ್ರಿ’ ಅಂದ. ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಡ.

ಸಿದ್ಧ ಪೆಟ್ಟಿಗೆಯನ್ನು ವಿದೇಶದಿಂದ ತರಿಸಿದರೆ ನೂರಾರು ಡಾಲರ್, ಮೇಲೆ ಸುಂಕ. ಇದಕ್ಕೆ ಅದರ ಸಣ್ಣ ಪಾಲು ಸಾಕಾಯಿತು. ಸೋಲ್ಡರಿಂಗ್ ಬರುವವರು ಧೈರ್ಯವಾಗಿ ಕಟ್ಟಿ. ಹಣ ಕಡಿಮೆ ಬಿದ್ದರೆ ಪರದೆಯಲ್ಲಿ ಉಳಿಸಿ, ಎನ್‌ಕೋಡರಿನಲ್ಲಿ ಬೇಡ. ಬಟನ್‌ಗಳ ಹಿಂದೆ ಬೆಳಕು ಕೊಡುವುದು ನನ್ನದರಲ್ಲಿ ಇನ್ನೂ ಬಾಕಿ ಇದೆ: ಬಿಳಿ ಅಕ್ರಿಲಿಕ್‌ಗೆ ಕಪ್ಪು ಬಣ್ಣ ಬಳಿದು, ಅಕ್ಷರವಿದ್ದ ಕಡೆ ಮಾತ್ರ ಲೇಸರಿನಿಂದ ಬಣ್ಣ ಸುಡಬೇಕು. ಅದಕ್ಕೂ ಉದ್ಯಮಬಾಗ್‌ಗೇ ಹೋಗುವವನಿದ್ದೇನೆ.